ಹದ ಬಂದ ಮೇಲೆ ಸೈಕಲ್ ಹತ್ತಿ

ಮಿರಗದ, ಅಂದರೆ ಮೃಗಶಿರಾದ, ಮೊದಲ ಮಳೆ ಬಿದ್ದ ಮರುದಿನ. ರಾತ್ರಿಯೆಲ್ಲಾ ಸುರಿದು ಬೆಳಿಗ್ಗೆ ಹೊಳವಾಗಿತ್ತು. ಗಾಳಿ ತಂಪಾಗಿತ್ತು. ಇಂಥ ದಿನ ಮನೆಯಲ್ಲಿ ಕೂರೋಕೆ ಆಗುತ್ತಾ? ಮೌಂಟೇನ್ ಬೈಕ್ ತೆಗೆದುಕೊಂಡು ಧಾರವಾಡದಿಂದ ಅಮ್ಮಿನಭಾವಿ ಕಡೆ ಹೊರಟೆ. ಡಾಂಬರು ರಸ್ತೆ ಬಿಟ್ಟು, ಹೊಲಗಳ ನಡುವಿನ ಚಕ್ಕಡಿ ದಾರಿಗೆ ಇಳಿದೆ. ಮೂವತ್ತು ಮಾರು ಹೋಗಿರಬೇಕು, ಅಷ್ಟೇ. ಮೊದಲು ಟೈರಿನ ಹಲ್ಲುಗಳ ಸಂದಿ ತುಂಬಿತು. ಆಮೇಲೆ ಟೈರೇ ಕಾಣದಂತಾಯಿತು. ಕರಿ ಮಣ್ಣು ಪದರದ ಮೇಲೆ ಪದರ ಸುತ್ತಿಕೊಂಡು ಫೋರ್ಕಿನ ಸಂದಿಯಲ್ಲಿ ಗಿಡಿದುಕೊಂಡಿತು. ಮುಂದಿನ ಗಾಲಿ ತಿರುಗದೆ ನಿಂತೇ ಹೋಯಿತು. ಇಳಿದು ಸೈಕಲ್ ಎತ್ತಲು ನೋಡಿದರೆ ಏಳುತ್ತಿಲ್ಲ. ಬೂಟಿನ ಕೆಳಗೂ ಒಂದೊಂದು ಗೇಣು ಮಣ್ಣು.

ಬದುವಿನ ಮೇಲೆ ನಿಂತಿದ್ದ ಹಿರಿಯರೊಬ್ಬರು ನೋಡುತ್ತಿದ್ದರು. ಹತ್ತಿರ ಬಂದು ಕಳೆ ತೆಗೆಯುವ ತಮ್ಮ ಕುರ್ಚಿಗಿ ಕೊಟ್ಟರು.

“ತಮ್ಮಾ, ನಿನ್ನಿ ರಾತ್ರಿ ಮಳಿ ಆಗೇತಿ. ಇನ್ನಾ ಹದಾ ಬಂದಿಲ್ಲ. ನಾವು ಎತ್ತು ಸೈತ ಇಳಸಂಗಿಲ್ಲ. ನಾಕ್ ದಿನಾ ತಡದು ಬಾ.”

“ಆಗ್ಲಿ ಕಾಕಾ,” ಅಂದೆ. ಅರ್ಧ ಗಂಟೆ ಕೂತು ಮಣ್ಣು ಕೆರೆದೆ.

ಕಾಕಾ ಹೇಳಿದ ಆ ಒಂದು ಮಾತು, ಹದ, ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ರೊಟ್ಟಿ ಹಿಟ್ಟಿಗೆ ಹದ ಬೇಕು. ಬೆಲ್ಲದ ಪಾಕಕ್ಕೆ ಹದ ಬೇಕು. ಹೊಲಕ್ಕೂ ಹದ ಬೇಕು. ಹಾಗಾದರೆ ಸೈಕಲ್ ದಾರಿಗೆ? ಆಮೇಲಿನ ವರ್ಷಗಳಲ್ಲಿ ಮಳೆ, ಚಳಿ, ಬಿಸಿಲು ಎಲ್ಲದರಲ್ಲೂ ಅವೇ ದಾರಿಗಳಲ್ಲಿ ಓಡಾಡಿದ್ದೇನೆ. ಸೈಕಲ್ಲಿನ ಬೆಲೆಗಿಂತ, ಗೇರಿಗಿಂತ, ಕಾಲಿನ ಕಸುವಿಗಿಂತ ದೊಡ್ಡದು ಗಾಲಿಯ ಕೆಳಗಿನ ಮಣ್ಣಿನಲ್ಲಿ ಎಷ್ಟು ನೀರಿದೆ ಅನ್ನೋದು. ರೈತರು ಇದನ್ನು ಕೈಯಲ್ಲೇ ಅಳೆಯುತ್ತಾರೆ.

ಧಾರವಾಡದವರ ಪುಣ್ಯ ಅಂದರೆ, ಊರಿನ ಎರಡು ಬದಿಗೆ ಎರಡು ಬೇರೆ ಬೇರೆ ಮಣ್ಣು. ಪೂರ್ವಕ್ಕೆ ಹೆಬ್ಬಳ್ಳಿ, ಅಮ್ಮಿನಭಾವಿ, ಹಾಗೇ ನವಲಗುಂದದವರೆಗೆ ಬಯಲು, ಕರಿ ಎರೆ ಮಣ್ಣು. ಪಶ್ಚಿಮಕ್ಕೆ ಮನಸೂರು, ಕಲಕೇರಿ ಕಡೆ ಹೋದರೆ ಹೆಚ್ಚಾಗಿ ಕೆಮ್ಮಣ್ಣು, ಗುಡ್ಡ, ಆಮೇಲೆ ಕಾಡು. ಒಂದೇ ಬೆಳಿಗ್ಗೆ ಎರಡನ್ನೂ ಮುಟ್ಟಿ ಬರಬಹುದು.

ಈ ಎರಡು ಮಣ್ಣು ಬೇರೆಯಾದದ್ದರಲ್ಲಿ ಮಳೆಯ ಪಾಲು ದೊಡ್ಡದು. ಪಶ್ಚಿಮದಲ್ಲಿ ಮಳೆ ಜಾಸ್ತಿ. ಲಕ್ಷಾಂತರ ವರ್ಷ ಸುರಿದ ನೀರು ಕಲ್ಲಿನೊಳಗಿನ ಸುಣ್ಣ, ಮೆಗ್ನೀಸಿಯಂ, ಸಿಲಿಕಾವನ್ನು ತೊಳೆದು ಒಯ್ದಿದೆ. ಉಳಿದದ್ದು ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡು. ಅದೇ ಆ ಕೆಂಪು. ಪೂರ್ವದಲ್ಲಿ ಮಳೆ ಕಡಿಮೆ, ನೆಲ ಸಪಾಟು. ತೊಳೆದು ಹೋಗಬೇಕಾದದ್ದು ಅಲ್ಲೇ ಉಳಿದು ಬೇರೆ ಥರದ ಜೇಡಿ ಆಗಿದೆ. ಅದರ ಹೆಸರು ಮಾಂಟ್‌ಮೊರಿಲ್ಲೊನೈಟ್. ಎರೆಯ ಗುಣವೆಲ್ಲಾ ಇದರದ್ದೇ.

ಈ ಜೇಡಿಯ ಒಂದು ಕಣ ಅಂದರೆ ತೆಳ್ಳನೆಯ ಹಾಳೆಗಳ ಕಟ್ಟು. ಒಂದು ಹಾಳೆಯ ದಪ್ಪ ಸುಮಾರು 1 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಹಾಳೆ ಹಾಳೆಯ ನಡುವೆ ನೀರು ನುಗ್ಗುತ್ತದೆ. ಕಟ್ಟು ಉಬ್ಬುತ್ತದೆ. ಒಂದು ಗ್ರಾಂ ಜೇಡಿಯ ಎಲ್ಲ ಹಾಳೆಗಳನ್ನು ಬಿಡಿಸಿ ಹಾಸಿದರೆ 700 ಚದರ ಮೀಟರ್ ದಾಟುತ್ತದೆ. ಐದು ಕಬಡ್ಡಿ ಅಂಕಣಕ್ಕಿಂತ ಜಾಸ್ತಿ! ಅಷ್ಟು ಮೇಲ್ಮೈಗೂ ನೀರು ಅಂಟುತ್ತದೆ. ಕೆಮ್ಮಣ್ಣಿನಲ್ಲಿರುವ ಜೇಡಿ ಹೆಚ್ಚಾಗಿ ಕೆಯೊಲಿನೈಟ್. ಅದರ ಹಾಳೆಗಳು ಒಂದಕ್ಕೊಂದು ಬಿಗಿಯಾಗಿ ಕೂತಿರುತ್ತವೆ, ನೀರಿಗೆ ಒಳಗೆ ಜಾಗವೇ ಇಲ್ಲ. ಒಂದು ಗ್ರಾಂ ಹಾಸಿದರೆ 10ರಿಂದ 20 ಚದರ ಮೀಟರ್, ಮನೆಯ ಒಂದು ಕೋಣೆಯಷ್ಟು.

ಒಂದು ಗಾಲಿಯ ಕೆಳಗೆ ಐದು ಅಂಕಣ, ಇನ್ನೊಂದರ ಕೆಳಗೆ ಒಂದು ಕೋಣೆ. ಅವತ್ತು ನನ್ನ ಸೈಕಲ್ ಯಾಕೆ ನಿಂತಿತು ಅನ್ನೋದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಇನ್ನರ್ಧ ಉತ್ತರ ಅಂಟಿನದ್ದು. ಒದ್ದೆ ಮಣ್ಣಿಗೆ ಎರಡು ಹಿಡಿತ ಇರುತ್ತವೆ. ಒಂದು, ಮಣ್ಣಿಗೂ ಮಣ್ಣಿಗೂ ಇರುವ ಹಿಡಿತ. ಇನ್ನೊಂದು, ಮಣ್ಣಿಗೂ ರಬ್ಬರು ಅಥವಾ ಕಬ್ಬಿಣಕ್ಕೂ ಇರುವ ಹಿಡಿತ. ಒಣ ಮಣ್ಣು ಟೈರಿಗೆ ಅಂಟೋದಿಲ್ಲ. ಪೂರ್ತಿ ರಾಡಿಯಾದ ಮಣ್ಣೂ ಟೈರಿನಲ್ಲಿ ಹೆಚ್ಚು ಹೊತ್ತು ನಿಲ್ಲೋದಿಲ್ಲ, ಜಾರಿ ಇಳಿಯುತ್ತದೆ. ಕಷ್ಟ ಇರೋದು ನಡುವೆ. ಅಲ್ಲಿ ಮಣ್ಣು ತನ್ನ ಅಣ್ಣತಮ್ಮಂದಿರನ್ನು ಬಿಟ್ಟು ಟೈರನ್ನೇ ಗಟ್ಟಿಯಾಗಿ ಹಿಡಿಯುತ್ತದೆ. ಪ್ರತಿ ಸುತ್ತಿಗೂ ದಾರಿಯ ಮೇಲಿನ ಒಂದು ಪದರ ಕಿತ್ತುಕೊಂಡು ಬರುತ್ತದೆ. ಕೆಮ್ಮಣ್ಣಿನಲ್ಲಿ ಈ ನಡುವಿನ ಅವಧಿ ಕೆಲವು ಗಂಟೆ. ಎರೆಯಲ್ಲಿ ಎಷ್ಟೋ ದಿನ.

ಹಾಗಾದರೆ ಹದ ಬಂತು ಅಂತ ತಿಳಿಯೋದು ಹೇಗೆ? ಕಾಕಾ ಆಮೇಲೊಂದು ದಿನ ತೋರಿಸಿಕೊಟ್ಟರು. ನಾಲ್ಕು ಬೆರಳು ಆಳದಿಂದ ಒಂದು ಹಿಡಿ ಮಣ್ಣು ತೆಗೆದರು. ಮುಷ್ಟಿಯಲ್ಲಿ ಅದುಮಿ ಉಂಡೆ ಮಾಡಿದರು. ಎದೆಯ ಮಟ್ಟದಿಂದ ಕೆಳಗೆ ಬಿಟ್ಟರು. ಉಂಡೆ ಪುಡಿಪುಡಿಯಾದರೆ ಹದ. ಚಪ್ಪಟೆಯಾಗಿ ಕೂತರೆ ಹಸಿ ಜಾಸ್ತಿ. ಉಂಡೆಯೇ ಕಟ್ಟದಿದ್ದರೆ ಹದ ಮೀರಿದೆ.

ಸ್ವೀಡನ್ನಿನ ರಸಾಯನ ವಿಜ್ಞಾನಿ ಆಲ್ಬರ್ಟ್ ಆಟರ್‌ಬರ್ಗ್ 1911ರಲ್ಲಿ ಜೇಡಿ ಮಣ್ಣನ್ನು ಅಳೆಯೋಕೆ ಹೊರಟಾಗ ಮಾಡಿದ್ದೂ ಹೆಚ್ಚು ಕಡಿಮೆ ಇಂಥದ್ದೇ. ಮಣ್ಣನ್ನು ಅಂಗೈ ಕೆಳಗೆ ಶ್ಯಾವಿಗೆಯ ಹಾಗೆ ಹೊಸೆಯಬೇಕು. ಇಂದಿಗೂ ಮಣ್ಣು ಪರೀಕ್ಷೆಯ ಲ್ಯಾಬ್‌ಗಳಲ್ಲಿ 3 ಮಿಲಿಮೀಟರ್ ದಪ್ಪದ ಎಳೆ ಹೊಸೆಯುತ್ತಾರೆ. ಬೆಂಕಿಕಡ್ಡಿಗಿಂತ ತುಸು ದಪ್ಪ. ಆ ದಪ್ಪಕ್ಕೆ ಬರುವ ಹೊತ್ತಿಗೆ ಎಳೆ ತುಂಡು ತುಂಡಾದರೆ, ಮಣ್ಣು ಜೇಡಿತನ ಬಿಟ್ಟು ಗಟ್ಟಿತನದ ಗೆರೆಗೆ ಬಂದಿದೆ ಅಂತ. ಸಿವಿಲ್ ಎಂಜಿನಿಯರಿಂಗ್ ಓದುವ ಮಕ್ಕಳೆಲ್ಲ ಈ ಪರೀಕ್ಷೆ ಮಾಡಿರುತ್ತಾರೆ. ನಾನು ಈಗ ದಾರಿಯ ಬಾಯಲ್ಲೇ ಕೂತು ಎಳೆ ಹೊಸೆಯುತ್ತೇನೆ. ತೆಳ್ಳಗಾದರೂ ತುಂಡಾಗದೆ ಹಾವಿನಂತೆ ಬಳುಕಿದರೆ ಸೈಕಲ್ ತಿರುಗಿಸಿ ಮನಸೂರಿನ ಕಡೆ ಹೊರಡುತ್ತೇನೆ.

ಹದದ ಮಣ್ಣು ಗಾಲಿಗೆ ಯಾಕಷ್ಟು ಹಿತ? ಜೋರು ಮಳೆ ನಿಂತ ಮೇಲೆ ಮಣ್ಣಿನ ದೊಡ್ಡ ತೂತುಗಳ ನೀರು ತನ್ನ ಭಾರಕ್ಕೆ ತಾನೇ ಕೆಳಗೆ ಇಳಿಯುತ್ತದೆ. ಸಣ್ಣ ಸಂದಿಗಳಲ್ಲಿ ಮಾತ್ರ ಉಳಿಯುತ್ತದೆ. ಹೀಗೆ ಉಳಿದ ನೀರು ಕಣ ಕಣದ ನಡುವೆ ಸಣ್ಣ ಸೇತುವೆಯಂತೆ ನಿಂತು ಎರಡನ್ನೂ ಒಳಕ್ಕೆ ಎಳೆಯುತ್ತದೆ. ಸಮುದ್ರ ದಂಡೆಯಲ್ಲಿ ಮಕ್ಕಳು ಕಟ್ಟುವ ಗೋಪುರ ನಿಲ್ಲೋದು ಇದರಿಂದಲೇ. ಒಣ ಮರಳಲ್ಲಿ ಗೋಪುರ ಆಗೋದಿಲ್ಲ, ನೀರಲ್ಲಿ ಮುಳುಗಿದ ಮರಳಲ್ಲೂ ಆಗೋದಿಲ್ಲ. ತೂತುಗಳೆಲ್ಲ ನೀರಿನಿಂದ ತುಂಬಿದ್ದರೆ ಗಾಲಿಯ ಭಾರವನ್ನು ನೀರೇ ಹೊರುತ್ತದೆ. ಕಣಗಳು ಒಂದನ್ನೊಂದು ಒತ್ತೋದೇ ಇಲ್ಲ, ಜಾರಿಬಿಡುತ್ತವೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. 1933ರಲ್ಲಿ ಅಮೆರಿಕದ ಎಂಜಿನಿಯರ್ ರಾಲ್ಫ್ ಪ್ರಾಕ್ಟರ್ ತೋರಿಸಿಕೊಟ್ಟ ಹಾಗೆ, ಒಂದು ಮಟ್ಟದ ತೇವದಲ್ಲಿ ಮಣ್ಣು ಎಲ್ಲಕ್ಕಿಂತ ಚೆನ್ನಾಗಿ ದಮ್ಮಸ್ ಆಗುತ್ತದೆ. ರೋಲರ್ ಹೊಡೆಯುವ ಮುಂಚೆ ರಸ್ತೆಗೆ ಟ್ಯಾಂಕರಿನಿಂದ ನೀರು ಹೊಡೆಯೋದು ಅದಕ್ಕೇ. ಹದದ ಮಣ್ಣು ಈ ಮಟ್ಟಕ್ಕೆ ಹತ್ತಿರ ಇರುತ್ತದೆ. ದಾರಿಯಲ್ಲಿ ಗಾಲಿ ಹಾದರೆ ಒಳ್ಳೆಯದೇ, ದಾರಿ ಗಟ್ಟಿಯಾಗುತ್ತದೆ. ಹೊಲದಲ್ಲಿ ಹಾದರೆ ಅಷ್ಟೇ ಕೆಟ್ಟದ್ದು. ಬಿತ್ತನೆಗೆ ಸಡಿಲ ಮಾಡಿದ ನೆಲದಲ್ಲಿ ಗಟ್ಟಿ ಗೆರೆ ಬೀಳುತ್ತದೆ, ಆ ಗೆರೆಯಲ್ಲಿ ಬೇರು ಇಳಿಯೋಕೆ ಕಷ್ಟಪಡುತ್ತದೆ. ದಯವಿಟ್ಟು ಚಕ್ಕಡಿ ದಾರಿ ಬಿಟ್ಟು ಹೊಲಕ್ಕೆ ಇಳಿಯಬೇಡಿ. ಕೂರಿಗೆ ಹೂಡುವ ದಿನಗಳಲ್ಲಂತೂ ಬೇಡವೇ ಬೇಡ.

ಆರಿದ್ರಾದಿಂದ ಮಘಾ ಮಳೆಯವರೆಗೆ ನಾನು ಪಶ್ಚಿಮದ ಕೆಮ್ಮಣ್ಣಿನವನು. ಮಳೆ ನಿಂತ ಮರುದಿನವೇ ದಾರಿ ಗಾಲಿ ತಡೆದುಕೊಳ್ಳುತ್ತದೆ. ಕಬ್ಬಿಣದ ಆಕ್ಸೈಡು ಸಿಮೆಂಟಿನಂತೆ ಕಣಗಳನ್ನು ಸಣ್ಣ ಸಣ್ಣ ಹರಳಾಗಿ ಕಟ್ಟಿಟ್ಟಿರುತ್ತದೆ. ಹರಳುಗಳ ನಡುವಿನಿಂದ ನೀರು ಸಲೀಸಾಗಿ ಇಳಿದುಹೋಗುತ್ತದೆ. ಈ ಗುಣದ ಕೊನೆ ಮುಟ್ಟಿದ ರೂಪವೇ ಕರಾವಳಿಯವರು ಮನೆ ಕಟ್ಟುವ ಮುರಕಲ್ಲು. ಮೈಸೂರು, ಕೆನರಾ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕನನ್ 1807ರಲ್ಲಿ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಅಂದರೆ ಇಟ್ಟಿಗೆ. ನೆಲದಲ್ಲಿ ಮೆತ್ತಗಿದ್ದು, ಕಡಿದು ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತದೆ ಅನ್ನೋದು ಅವನನ್ನು ಬೆರಗುಗೊಳಿಸಿತ್ತು.

ಮಳೆಗಾಲದಲ್ಲಿ ಭಯ ಪಡಬೇಕಾದದ್ದು ಮಣ್ಣಿಗಲ್ಲ, ಕಲ್ಲು ಮತ್ತು ಬೇರಿಗೆ. ಒದ್ದೆ ಕಲ್ಲಿನ ಮೇಲೆ ಪಾಚಿ ಹಬ್ಬಿರುತ್ತದೆ. ಪಾಚಿ ತನ್ನ ಸುತ್ತ ಲೋಳೆ ಕಟ್ಟಿಕೊಳ್ಳುತ್ತದೆ, ಒಣಗದೆ ಉಳಿಯೋಕೆ. ಆ ಲೋಳೆಯ ಮೇಲೆ ಯಾವ ಟೈರೂ ನಿಲ್ಲೋದಿಲ್ಲ. ಅಡ್ಡ ಬೇರು ಬಂದರೆ ಬ್ರೇಕ್ ಬಿಟ್ಟು, ಗಾಲಿಯನ್ನು ನೆಟ್ಟಗೆ ಹಾಯಿಸಬೇಕು. ಅಲ್ಲಿ ಬ್ರೇಕ್ ಹಿಡಿದಿರೋ, ಬಿದ್ದಿರಿ.

ಸಾಗವಾನಿ ಮರಗಳ ಕೆಳಗೆ ಒಂದು ವಿಷಯ ಗಮನಿಸಿ. ಮರದ ಕೆಳಗಿದ್ದರೆ ಮಳೆ ಮೆತ್ತಗೆ ಬೀಳುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಸಾಗವಾನಿಯ ಅಗಲ ಎಲೆ ಸಣ್ಣ ಹನಿಗಳನ್ನು ಕೂಡಿಸಿ ದೊಡ್ಡ ಹನಿ ಮಾಡಿ ಬಿಡುತ್ತದೆ. ಎತ್ತರದಿಂದ ಬೀಳುವ ಆ ಹನಿ ಬಯಲಿನ ಹನಿಗಿಂತ ಜೋರಾಗಿ ನೆಲಕ್ಕೆ ಬಡಿಯುತ್ತದೆ. ಕೆಳಗೆ ಹುಲ್ಲು, ತರಗು ಇಲ್ಲದಿದ್ದರೆ ಮಣ್ಣು ಚಿಮ್ಮುತ್ತದೆ. ಅಂಥ ಕಡೆ ಇಳಿಜಾರಿನಲ್ಲಿ ಹಿಂದಿನ ಗಾಲಿ ಲಾಕ್ ಮಾಡಿ ಎಳೆದರೆ ಒಂದು ಗೆರೆ ಬೀಳುತ್ತದೆ. ಮುಂದಿನ ಮಳೆಗೆ ಆ ಗೆರೆಯೇ ನೀರಿನ ದಾರಿ. ಎರಡು ಮಳೆಗಾಲಕ್ಕೆ ಅದು ಮೊಣಕಾಲುದ್ದದ ಕೊರಕಲು. ಮನಸೂರಿನ ಆಚೆ ಒಂದು ಗುಡ್ಡದಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಸಂಕಟ ಆಯಿತು. ಗುಡ್ಡವನ್ನು ನೇರ ಇಳಿಯುವ ದಾರಿ ಯಾವತ್ತೂ ಹೀಗೇ ಸಾಯುತ್ತದೆ. ದಾರಿ ಗುಡ್ಡಕ್ಕೆ ಅಡ್ಡಡ್ಡ ಸುತ್ತಬೇಕು. ದಾರಿಯ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಜಾಸ್ತಿ ಇರಬಾರದು ಅಂತ ಟ್ರೇಲ್ ಕಟ್ಟುವವರ ಲೆಕ್ಕ. ಆಗ ನೀರು ದಾರಿಯುದ್ದಕ್ಕೂ ಓಡದೆ ಅಡ್ಡ ಹಾದು ಕೆಳಗಿಳಿಯುತ್ತದೆ. ನಮ್ಮ ಹಳ್ಳಿಯ ದನಕರು ತುಳಿದ ಹಳೇ ಕಾಲುದಾರಿಗಳು ಬಹಳಷ್ಟು ಹೀಗೇ ಇವೆ. ಅವು ಸಿಕ್ಕರೆ ಸಾಕು, ಹೊಸದು ಕಡಿಯಬೇಡಿ. ಕಾಯ್ದಿಟ್ಟ ಅರಣ್ಯದೊಳಗಂತೂ ಅನುಮತಿ ಇಲ್ಲದೆ ಗಾಲಿ ಇಡಬಾರದು.

ಹಿಂಗಾರು ಮುಗಿದು ಚಳಿ ಬಿದ್ದರೆ ಮತ್ತೆ ಎರೆಯ ಕಡೆ. ನವೆಂಬರ್, ಡಿಸೆಂಬರಿನ ಚಕ್ಕಡಿ ದಾರಿಗೆ ಸಮ ಇಲ್ಲ. ಮೇಲೆ ಒಣಗಿ ಗಟ್ಟಿ, ಕೆಳಗೆ ಇನ್ನೂ ಹಸಿ. ಅದೇ ಹಸಿ ಕುಡಿದು ಎರಡೂ ಬದಿಗೆ ಬಿಳಿಜೋಳ, ಕಡಲೆ ಮಳೆಯಿಲ್ಲದೆ ಬೆಳೆಯುತ್ತಿರುತ್ತವೆ. ಬೆಳಗಿನ ಇಬ್ಬನಿಯಲ್ಲಿ ಕಡಲೆ ಹೊಲದ ಪಕ್ಕ ಹಾದರೆ ಕಾಲು ಚುರುಗುಟ್ಟುತ್ತದೆ. ಗಿಡದ ಎಲೆಯ ಕೂದಲುಗಳು ಮ್ಯಾಲಿಕ್ ಆಮ್ಲ ಒಸರುತ್ತವೆ, ಇಬ್ಬನಿ ಹುಳಿಯಾಗುತ್ತದೆ. ಬೆರಳು ತಾಗಿಸಿ ನೆಕ್ಕಿ ನೋಡಿ, ಗೊತ್ತಾಗುತ್ತದೆ.

ಗಾಳಿ ಒತ್ತಡದ ಲೆಕ್ಕವನ್ನು ಈ ಕಾಲದಲ್ಲೇ ಕಲಿಯೋದು ಸುಲಭ. ಸವಾರ, ಸೈಕಲ್ ಸೇರಿ 94 ಕಿಲೋ ಅಂದುಕೊಳ್ಳಿ. ಒಂದು ಗಾಲಿಗೆ ಸರಾಸರಿ 47. ಟೈರಿನಲ್ಲಿ 40 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡು ಅನ್ನುವ ಒತ್ತಡದ ಅಳತೆ) ಇದ್ದರೆ ನೆಲ ಮುಟ್ಟುವ ಜಾಗ ಸುಮಾರು 17 ಚದರ ಸೆಂಟಿಮೀಟರ್, ಒಂದು ಬೆಂಕಿಪೊಟ್ಟಣದಷ್ಟು. 25 ಪಿಎಸ್‌ಐಗೆ ಇಳಿಸಿದರೆ ಅದು 27 ಆಗುತ್ತದೆ. ಗಟ್ಟಿ ಎರೆ ದಾರಿಗೆ ಒತ್ತಡ ಜಾಸ್ತಿ ಇರಲಿ, ಸಲೀಸಾಗಿ ಓಡುತ್ತದೆ. ಕಲ್ಲು ಬೇರಿನ ದಾರಿಗೆ ಕಡಿಮೆ ಇರಲಿ, ಟೈರ್ ಕಲ್ಲನ್ನು ತಬ್ಬಿಕೊಳ್ಳುತ್ತದೆ. ಇನ್ನೊಂದು, 15 ಡಿಗ್ರಿಯ ನಸುಕಿನಲ್ಲಿ 25 ತುಂಬಿದ ಟೈರ್ ಬಿಸಿಲಿಗೆ 35 ಡಿಗ್ರಿಗೆ ಕಾದರೆ ಎರಡು ಮೂರು ಪಿಎಸ್‌ಐ ತಾನೇ ಏರಿರುತ್ತದೆ.

ಫೆಬ್ರವರಿಯ ಮೇಲೆ ಪಶ್ಚಿಮದಲ್ಲಿ ಸಾಗವಾನಿ ಎಲೆ ಉದುರಿ ದಾರಿಯೇ ಮುಚ್ಚುತ್ತದೆ. ಎಲೆಯ ಮೇಲೆ ಎಲೆ ಜಾರುತ್ತದೆ, ಕೆಳಗೇನಿದೆ ಕಾಣೋದಿಲ್ಲ. ಎಲೆ ಇಲ್ಲದ ಕಡೆ ಗರಸು. ಕಬ್ಬಿಣ ತುಂಬಿದ ದುಂಡು ಹರಳುಗಳು ಗಟ್ಟಿ ನೆಲದ ಮೇಲೆ ಗೋಲಿಯಂತೆ ಉರುಳುತ್ತವೆ. ತಿರುವಿಗೆ ಮುಂಚೆಯೇ ವೇಗ ಇಳಿಸಬೇಕು, ತಿರುವಿನಲ್ಲಿ ಬ್ರೇಕ್ ಮುಟ್ಟಬಾರದು.

ಇನ್ನು ಎರೆ. ನೀರು ಹಾಳೆಗಳ ನಡುವಿನಿಂದ ಹೊರಟುಹೋದ ಮೇಲೆ ಉಬ್ಬಿದ್ದೆಲ್ಲ ಕುಗ್ಗುತ್ತದೆ. ನೆಲ ಬಿರಿಯುತ್ತದೆ. ಮೇ ತಿಂಗಳಲ್ಲಿ ಟೈರಿನಷ್ಟೇ ಅಗಲದ ಬಿರುಕುಗಳಿರುತ್ತವೆ. ಅಡ್ಡ ಬಂದರೆ ದಾಟಬಹುದು, ಗಾಲಿಯ ಉದ್ದಕ್ಕೇ ಬಂದರೆ ಗಾಲಿ ಇಳಿದೇಬಿಡುತ್ತದೆ. ಮೇಲಿನ ಪುಡಿಮಣ್ಣು ಬಿರುಕಿಗೆ ಬೀಳುತ್ತದೆ. ಮಳೆ ಬಂದಾಗ ಮೊದಲ ನೀರು ಬಿರುಕಿನಲ್ಲಿ ನೇರ ಆಳಕ್ಕೆ ಹೋಗುತ್ತದೆ. ಕೆಳಗಿನ ಮಣ್ಣು ಉಬ್ಬಿ ಮೇಲೇಳುತ್ತದೆ. ಹೀಗೆ ಎರೆ ವರ್ಷ ವರ್ಷ ತನ್ನನ್ನು ತಾನೇ ಮೇಲೆ ಕೆಳಗೆ ಮಾಡಿಕೊಳ್ಳುತ್ತದೆ. ವಿಜ್ಞಾನಿಗಳು ಇಂಥ ಮಣ್ಣನ್ನು ವರ್ಟಿಸಾಲ್ ಅನ್ನೋದು ಅದಕ್ಕೇ. ತಿರುವಿ ಹಾಕು ಅನ್ನುವ ಲ್ಯಾಟಿನ್ ಮಾತಿನಿಂದ ಬಂದ ಹೆಸರು.

ಕಳೆದ ಮೇ ಕೊನೆಯಲ್ಲಿ ಕಾಕಾನ ಹೊಲದ ದಾರಿಯಲ್ಲಿ ಅಂಥದ್ದೊಂದು ಬಿರುಕಿಗೆ ಹಳೇ ಸ್ಪೋಕ್ ಇಳಿಸಿ ನೋಡಿದೆ. ಪೂರ್ತಿ ಹೋಯಿತು, ತಳ ಸಿಗಲಿಲ್ಲ. ಬೇವಿನ ಗಿಡದ ನೇರಕ್ಕೆ, ಬದುವಿನಿಂದ ಮೂರು ಹೆಜ್ಜೆ ಅಂತ ಗುರುತು ಇಟ್ಟುಕೊಂಡೆ. ಮಿರಗದ ಮಳೆ ಆಯಿತು. ಕಾಕಾ ಹೇಳಿದಂತೆ ನಾಲ್ಕು ದಿನ ಬಿಟ್ಟೆ, ಐದನೇ ದಿನ ಹೋದೆ. ಉಂಡೆ ಕಟ್ಟಿ ಬಿಟ್ಟೆ, ಪುಡಿಯಾಯಿತು. ಬೇವಿನ ನೇರಕ್ಕೆ ಬಂದು ಹುಡುಕಿದೆ. ಬಿರುಕು ಇದ್ದ ಜಾಗದಲ್ಲಿ ಒಂದು ಕೂದಲೆಳೆಯ ಗೆರೆಯೂ ಇರಲಿಲ್ಲ. ಅದರ ಮೇಲೆ ಸೈಕಲ್ ಹಾಯಿಸಿ, ಇಳಿದು ಬಂದು ನೋಡಿದೆ. ಟೈರಿನ ಹಲ್ಲುಗಳ ಅಚ್ಚು, ಒಂದೊಂದೂ ಬೇರೆ ಬೇರೆಯಾಗಿ, ಸಾಲಾಗಿ ಮೂಡಿತ್ತು. ಗಾಲಿಗೆ ಒಂದು ಚೂರೂ ಮಣ್ಣು ಹತ್ತಿರಲಿಲ್ಲ.