ಕಬ್ಬಿಣಕ್ಕೆ ಸಿಲಿಕಾನ್ ಸೇರಿದಾಗ

ಬೆಳಗಾವಿಯಂಥ ಊರಿನ ಎರಕದ ಕಾರ್ಖಾನೆಯಲ್ಲಿ ಕರಗಿದ ಕಬ್ಬಿಣವನ್ನು ಕುಲುಮೆಯಿಂದ ಲ್ಯಾಡಲ್‌ಗೆ ಬಗ್ಗಿಸುವ ಹೊತ್ತಿನಲ್ಲಿ, ಆ ಬಿಳಿಗೆಂಪು ಧಾರೆಯೊಳಕ್ಕೇ ಬೂದುಬಣ್ಣದ ಸಣ್ಣ ಹರಳುಗಳನ್ನು ಉದುರಿಸುತ್ತಾರೆ. ನೂರು ಕಿಲೋ ಲೋಹಕ್ಕೆ ಅವು ಸಾಮಾನ್ಯವಾಗಿ ಅರ್ಧ ಕಿಲೋ ಮೀರುವುದಿಲ್ಲ. ಆದರೆ ಅಷ್ಟನ್ನು ಹಾಕದೆ ಬಿಟ್ಟರೆ, ಎರಕದ ತೆಳುವಾದ ಭಾಗಗಳು ಬೇಗ ತಣಿದು, ಅಲ್ಲಿನ ಇಂಗಾಲವು ಕಬ್ಬಿಣದೊಡನೆ ಬೆಸೆದುಕೊಂಡು, ಲೇತ್ ಯಂತ್ರದ ಉಳಿಯನ್ನೇ ಮೊಂಡು ಮಾಡುವಷ್ಟು ಗಡುಸಾದ ಬಿಳಿ ಕಬ್ಬಿಣವಾಗಿಬಿಡುತ್ತದೆ. ಹರಳುಗಳು ಬಿದ್ದಾಗ ಅದೇ ಇಂಗಾಲ ಗ್ರಾಫೈಟ್ ಆಗಿ ಬೇರ್ಪಡುತ್ತದೆ, ಎರಕ ಕೊರೆಯಲು ಬಗ್ಗುತ್ತದೆ. ಆ ಹರಳುಗಳ ಹೆಸರು ಫೆರೋಸಿಲಿಕಾನ್, ಅಂದರೆ ಕಬ್ಬಿಣ ಮತ್ತು ಸಿಲಿಕಾನ್ ಕೂಡಿದ ಮಿಶ್ರಲೋಹ.

ಇದರ ಕಚ್ಚಾವಸ್ತುಗಳು ತೀರ ಸಾಮಾನ್ಯವಾದವು: ಬೆಣಚುಕಲ್ಲು, ಕೋಕ್ ಅಥವಾ ಇದ್ದಿಲು, ಕಬ್ಬಿಣದ ಚೂರು. ದುಬಾರಿಯಾದದ್ದು ವಿದ್ಯುತ್ತು. ಬೆಣಚುಕಲ್ಲಿನಲ್ಲಿ ಸಿಲಿಕಾನ್ ಮತ್ತು ಆಮ್ಲಜನಕ ಎಷ್ಟು ಬಿಗಿಯಾಗಿ ಅಂಟಿಕೊಂಡಿವೆಯೆಂದರೆ, ಅವನ್ನು ಬಿಡಿಸಲು ಇಂಗಾಲಕ್ಕೆ ವಿದ್ಯುತ್ ಚಾಪದ ಕುಲುಮೆಯ ಉಗ್ರ ಶಾಖ ಬೇಕು. ನೂರಕ್ಕೆ 75 ಪಾಲು ಸಿಲಿಕಾನ್ ಇರುವ ಬಗೆಯನ್ನು ಒಂದು ಟನ್ ತಯಾರಿಸಲು ಸುಮಾರು 8,000ದಿಂದ 9,000 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಆದ್ದರಿಂದಲೇ ಈ ಉದ್ಯಮ ಎಲ್ಲೆಡೆ ಅಗ್ಗದ ಜಲವಿದ್ಯುತ್ತನ್ನು ಹುಡುಕಿಕೊಂಡು ಹೋಗಿದೆ. ಇದ್ದಿಲಿನ ಊದುಕುಲುಮೆಯಿಂದ 1923ರಲ್ಲಿ ಕಬ್ಬಿಣ ತೆಗೆಯಲಾರಂಭಿಸಿದ ನಮ್ಮ ಭದ್ರಾವತಿಯ ಕಾರ್ಖಾನೆಯೂ ಮುಂದೆ ಫೆರೋಸಿಲಿಕಾನ್ ತಯಾರಿಸಿದ್ದನ್ನು ಇಲ್ಲಿ ನೆನೆಯಬೇಕು.

ಕಬ್ಬಿಣ ಮತ್ತು ಸಿಲಿಕಾನ್ ಬರಿದೆ ಬೆರೆಯುವುದಷ್ಟೇ ಅಲ್ಲ, ಗೊತ್ತಾದ ಲೆಕ್ಕದಲ್ಲಿ ಕೂಡಿ ಸಿಲಿಸೈಡ್‌ಗಳೆಂಬ ಸಂಯುಕ್ತಗಳೂ ಆಗುತ್ತವೆ. ಪರಮಾಣುವಿಗೆ ಪರಮಾಣು ಸಮವಾಗಿ ಕೂಡಿದ ಕಬ್ಬಿಣದ ಸಿಲಿಸೈಡ್ ಸುಮಾರು 1,410 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಇದರ ಕಾಂತಗುಣ ತಾಪದೊಡನೆ ಏರಿಳಿಯುವ ರೀತಿ ಭೌತವಿಜ್ಞಾನಿಗಳನ್ನು ದಶಕಗಳಿಂದ ಕಾಡಿದೆ. ಒಂದು ಕಬ್ಬಿಣಕ್ಕೆ ಎರಡು ಸಿಲಿಕಾನ್ ಇರುವ ಡೈಸಿಲಿಸೈಡಿನ ಒಂದು ರೂಪ ಅರೆವಾಹಕವಾಗಿದ್ದು, ಶಾಖವನ್ನು ನೇರವಾಗಿ ವಿದ್ಯುತ್ತಾಗಿಸಬಲ್ಲದು. ಎರಡು ಕಬ್ಬಿಣಕ್ಕೆ ಒಂದು ಸಿಲಿಕಾನ್ ಇರುವ ಹ್ಯಾಪ್ಕೈಟ್ ಖನಿಜವಂತೂ ಚಂದ್ರನಿಂದ ಬಂದು ಒಮಾನಿನ ಮರಳುಗಾಡಿನಲ್ಲಿ ಬಿದ್ದಿದ್ದ ಉಲ್ಕಾಶಿಲೆಯಲ್ಲಿ ಸಿಕ್ಕಿತು.

ಫೆರೋಸಿಲಿಕಾನ್ ಅತಿ ಹೆಚ್ಚು ಬಳಕೆಯಾಗುವುದು ಉಕ್ಕಿನ ತಯಾರಿಕೆಯಲ್ಲಿ. ಕರಗಿದ ಉಕ್ಕಿನಲ್ಲಿ ಕರಗಿರುವ ಆಮ್ಲಜನಕವು ಇಂಗಾಲದೊಡನೆ ಸೇರಿ ಅನಿಲವಾಗಿ, ತಣಿಯುವ ಲೋಹದೊಳಗೆ ಗುಳ್ಳೆಗಳನ್ನು ಉಳಿಸುತ್ತದೆ. ಸಿಲಿಕಾನ್ ಮೊದಲೇ ಆ ಆಮ್ಲಜನಕವನ್ನು ಹಿಡಿದು, ತಾನು ಮರಳಿ ಸಿಲಿಕವಾಗಿ (ಬೆಣಚುಕಲ್ಲಿನಲ್ಲಿದ್ದ ಅದೇ ಸಂಯುಕ್ತವಾಗಿ), ಬಹುಪಾಲು ಕಿಟ್ಟದೊಂದಿಗೆ ಮೇಲೇರಿ ತೇಲುತ್ತದೆ. ಕುಲುಮೆಯಲ್ಲಿ ಅಷ್ಟು ವಿದ್ಯುತ್ ಸುರಿದು ಬಿಡಿಸಿದ ಬಂಧವೇ ಇಲ್ಲಿ ಮತ್ತೆ ಕೂಡಿಕೊಂಡು ಉಕ್ಕನ್ನು ಗಟ್ಟಿಗೊಳಿಸುತ್ತದೆ. ಇದೇ ಆಮ್ಲಜನಕದ ಹಸಿವನ್ನು ಬಳಸಿ ಸುಣ್ಣದಕಲ್ಲಿನಂಥ ಡಾಲಮೈಟನ್ನು ಸುಟ್ಟು ಅದರಿಂದ ಮೆಗ್ನೀಸಿಯಂ ತೆಗೆಯುವ ವಿಧಾನವೂ ಇದೆ. ವಜ್ರದ ಗಣಿಗಳಲ್ಲಿ ಉಪಯೋಗಕ್ಕೆ ಬರುವುದು ನೂರಕ್ಕೆ 15 ಪಾಲು ಸಿಲಿಕಾನ್ ಇರುವ ಪುಡಿಯ ಭಾರ ಮಾತ್ರ: ನೀರಿಗೆ ಬೆರೆಸಿದ ಆ ಪುಡಿಯ ಬಗ್ಗಡದಲ್ಲಿ ಹಗುರ ಕಲ್ಲು ತೇಲಿ, ವಜ್ರ ಮುಳುಗುತ್ತದೆ. ಆಮೇಲೆ ಪುಡಿಯನ್ನು ಅಯಸ್ಕಾಂತದಿಂದ ಹೆಕ್ಕಿ ಮತ್ತೆ ಬಳಸುತ್ತಾರೆ.

ಇಷ್ಟು ಉಪಕಾರಿಯಾದ ವಸ್ತುವನ್ನು ಒದ್ದೆಯಾಗಲು ಬಿಡಬಾರದು. ಅದರಲ್ಲಿ ಕಲ್ಮಶವಾಗಿ ಉಳಿದ ರಂಜಕ ಮತ್ತು ಆರ್ಸೆನಿಕ್‌ಗಳ ಸಂಯುಕ್ತಗಳು ತೇವ ತಗಲಿದರೆ ಫಾಸ್ಫೀನ್, ಆರ್ಸೀನ್ ಎಂಬ ವಿಷಾನಿಲಗಳನ್ನು ಹೊಮ್ಮಿಸುತ್ತವೆ. ಬೆಳ್ಳುಳ್ಳಿಯಂಥ ವಾಸನೆಯೇ ಅದರ ಮುನ್ಸೂಚನೆ. 1908ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನಿಂದ ಇಂಗ್ಲೆಂಡಿನ ಗ್ರಿಮ್ಸ್‌ಬಿಗೆ ಹೊರಟಿದ್ದ ಹಡಗೊಂದರಲ್ಲಿ ಸರಕಿನ ಫೆರೋಸಿಲಿಕಾನ್‌ನಿಂದ ಎದ್ದ ಅನಿಲಕ್ಕೆ ಐವರು ಬಡ ವಲಸಿಗರು ಬಲಿಯಾದರು. ನೂರಕ್ಕೆ 30ರಿಂದ 90ರೊಳಗೆ ಸಿಲಿಕಾನ್ ಇರುವ ಸರಕನ್ನು ಇಂದಿಗೂ ಅಪಾಯಕಾರಿ ಎಂದೇ ವರ್ಗೀಕರಿಸಿ, ಒಣಗಿಸಿ, ಗಾಳಿಯಾಡುವಂತೆ ಸಾಗಿಸಬೇಕಾಗಿದೆ.

ಈ ಜೋಡಿಯ ಅತ್ಯಂತ ಸೊಗಸಾದ ಕೆಲಸ ಮಾತ್ರ ನಮ್ಮ ಬೀದಿಯ ತುದಿಯಲ್ಲೇ ಇದೆ. ಟ್ರಾನ್ಸ್‌ಫಾರ್ಮರ್‌ನ ತಿರುಳಿನಲ್ಲಿ ಕಾಂತಕ್ಷೇತ್ರ ಸೆಕೆಂಡಿಗೆ 50 ಆವರ್ತನೆಗಳಂತೆ ದಿಕ್ಕು ಬದಲಿಸುವಾಗ, ಕಬ್ಬಿಣದೊಳಗೇ ಸುಳಿಪ್ರವಾಹಗಳು ಹುಟ್ಟಿ ವಿದ್ಯುತ್ತನ್ನು ಶಾಖವಾಗಿ ಪೋಲು ಮಾಡುತ್ತವೆ. ನೂರಕ್ಕೆ ಮೂರು ಪಾಲಿನಷ್ಟು ಸಿಲಿಕಾನ್ ಸೇರಿಸಿದರೆ ಕಬ್ಬಿಣದ ವಿದ್ಯುತ್ ರೋಧ ನಾಲ್ಕೈದು ಪಟ್ಟು ಏರಿ ಆ ಪ್ರವಾಹಗಳು ಕುಗ್ಗುತ್ತವೆ. ಇಂಗ್ಲೆಂಡಿನ ಲೋಹತಜ್ಞ ರಾಬರ್ಟ್ ಹ್ಯಾಡ್‌ಫೀಲ್ಡ್ ಮತ್ತು ಸಂಗಡಿಗರು ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಇಂಥ ಉಕ್ಕಿನ ಗುಣವನ್ನು ತೋರಿಸಿಕೊಟ್ಟರು. 1930ರ ದಶಕದಲ್ಲಿ ಅಮೆರಿಕದ ಲೋಹತಜ್ಞ ನಾರ್ಮನ್ ಗಾಸ್ ಅದರ ಹರಳುಗಳನ್ನು ಒಂದೇ ದಿಕ್ಕಿಗೆ ಸಾಲುಗೂಡಿಸುವ ದಾರಿ ಕಂಡುಕೊಂಡರು. ಈಗ ಅದು ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತಲೂ ತೆಳುವಾದ ಹಾಳೆಗಳಾಗಿ ಬರುತ್ತದೆ.

ರಾತ್ರಿ ಬೀದಿ ನಿಶ್ಶಬ್ದವಾದಾಗ ಕೇಳುವ ಟ್ರಾನ್ಸ್‌ಫಾರ್ಮರ್‌ನ ಗುಂಯ್‌ಗುಡುವಿಕೆ ಬಹುಮಟ್ಟಿಗೆ ಈ ಹಾಳೆಗಳದ್ದೇ. ಕಾಂತಕ್ಷೇತ್ರ ಏರಿಳಿದಂತೆಲ್ಲ ಅವು ಸೆಕೆಂಡಿಗೆ ನೂರು ಬಾರಿ ಕಣ್ಣಿಗೆ ಕಾಣದಷ್ಟು ಹಿಗ್ಗಿ ಕುಗ್ಗುತ್ತವೆ. ಸಿಲಿಕಾನ್ ಪಾಲನ್ನು ನೂರಕ್ಕೆ 6.5ರಷ್ಟಕ್ಕೆ ಏರಿಸಿದರೆ ಈ ಹಿಗ್ಗು ಹೆಚ್ಚುಕಡಿಮೆ ಇಲ್ಲವಾಗುತ್ತದೆ, ಆದರೆ ಲೋಹ ಪೆಡಸಾಗಿ ರೋಲರ್‌ಗಳ ನಡುವೆ ಒಡೆದುಹೋಗುತ್ತದೆ. ಜಪಾನಿನ ಎಂಜಿನಿಯರರು ಇದಕ್ಕೆ ಉಪಾಯ ಹುಡುಕಿದರು: ಬಗ್ಗುವ ಉಕ್ಕನ್ನೇ ಮೊದಲು ತೆಳ್ಳಗೆ ಲಟ್ಟಿಸಿ, ಬಳಿಕ ಬಿಸಿ ಹಾಳೆಯ ಮೇಲೆ ಸಿಲಿಕಾನ್ ಟೆಟ್ರಾಕ್ಲೋರೈಡಿನ ಆವಿ ಹಾಯಿಸಿ, ಕೊರತೆಯಾದ ಸಿಲಿಕಾನನ್ನು ಹೊರಗಿನಿಂದ ಒಳಕ್ಕೆ ಇಂಗಿಸುತ್ತಾರೆ.