‘ಬ್ಯಾಸರ’ ಅಂದ್ರ ಏನ್ರಿ?

ಆಪ್ತಸಮಾಲೋಚನೆಯ ತರಬೇತಿಗೆ ಬಂದಿದ್ದ ಹುಡುಗನೊಬ್ಬ ಬರೆದ ಕೇಸ್ ಶೀಟ್ ಓದುತ್ತಿದ್ದೆ. ಹುಡುಗ ಬೆಂಗಳೂರಿನವನು, ಓದಿನಲ್ಲಿ ಚುರುಕು. ಅವನ ಎದುರು ಕೂತು ಹೋದವರು ಹಾವೇರಿ ಕಡೆಯ ರೈತರು, ಐವತ್ತು ದಾಟಿದವರು. ‘ತೊಂದರೆ ಏನು’ ಅನ್ನುವ ಜಾಗದಲ್ಲಿ ಅವನು ಹೀಗೆ ಬರೆದಿದ್ದ: ‘ಬೋರ್ ಆಗುತ್ತದೆ ಎನ್ನುತ್ತಾರೆ. ಹವ್ಯಾಸ ಬೆಳೆಸಿಕೊಳ್ಳಲು ಸಲಹೆ ನೀಡಲಾಗಿದೆ.’

‘ಅವರು ಯಾವ ಮಾತು ಬಳಸಿದರು?’ ಅಂತ ಕೇಳಿದೆ.

‘ಬ್ಯಾಸರ ಆಗೈತಿ ಅಂದ್ರು ಮೇಡಂ. ಬೇಜಾರು ಅಂದ್ರೆ ಬೋರ್ ಅಲ್ವಾ?’

ನಮ್ಮ ಕಡೆ ಬ್ಯಾಸರ ಅಂದರೆ ಬೋರೂ ಹೌದು, ದಣಿವೂ ಹೌದು, ದುಃಖವೂ ಹೌದು, ಯಾರದೋ ಮೇಲಿನ ಮುನಿಸೂ ಹೌದು. ‘ಜೀವಕ್ಕ ಬ್ಯಾಸರಾಗೈತಿ’ ಅಂದರೆ ಬದುಕು ಸಾಕಾಗಿದೆ ಅಂತಲೂ ಇರಬಹುದು. ಅವರು ಬಸ್ಸಿನ ಹೊತ್ತಿಗೆ ಕಾಯುತ್ತ ಹೊರಗಿನ ಬೆಂಚಿನ ಮೇಲೇ ಇದ್ದರು. ಒಳಗೆ ಕರೆದೆ. ‘ಬ್ಯಾಸರ ಅಂದ್ರಲ್ಲ ಕಾಕಾ, ಹಂಗಂದ್ರ ಏನ್ರಿ?’

ಅವರು ಹೆಗಲ ಮೇಲಿನ ಟವೆಲ್ ತೆಗೆದು ಅದರ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಆಮೇಲೆ ಹೇಳಿದರು. ಹೊಲಕ್ಕೆ ಹೊಡೆಯುವ ಎಣ್ಣೆಯ ಡಬ್ಬಿ ಮನೆಯಲ್ಲಿ ಎಲ್ಲಿದೆ ಅನ್ನುವವರೆಗೂ ಹೇಳಿದರು. ಅವತ್ತೇ ಮಗನನ್ನು ಕರೆಸಿ, ಡಬ್ಬಿ ಮನೆಯಿಂದ ಆಚೆ ಹೋಗುವಂತೆ ಮಾಡಿ, ಮನೋವೈದ್ಯರ ಹತ್ತಿರ ಕಳಿಸಿದೆವು. ಈಗ ಆರಾಮ ಇದ್ದಾರೆ. (ಗುರುತು ಸಿಗದಂತೆ ಇಲ್ಲಿ ವಿವರಗಳನ್ನು ಬದಲಿಸಿದ್ದೇನೆ. ಮುಂದಿನವುಗಳಲ್ಲೂ ಅಷ್ಟೇ.) ಸಾಯುವ ಯೋಚನೆ ಬಂದಿದೆಯಾ ಅಂತ ನೇರವಾಗಿ ಕೇಳಿದರೆ ಆ ಯೋಚನೆ ಹೊಸದಾಗಿ ತಲೆಗೆ ಹೋಗುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಹುಡುಗರು ಹೆದರುತ್ತಾರೆ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುವುದು ಬೇರೆಯದಕ್ಕೆ. ಧಾರವಾಡದಲ್ಲಿ ನಾನು ಆಪ್ತಸಮಾಲೋಚಕರಿಗೆ ತರಬೇತಿ ಕೊಡುವಾಗ ಪ್ರತಿ ತಂಡದಲ್ಲೂ ಮೊದಲ ದಿನವೇ ಒಂದು ಬೇಡಿಕೆ ಬರುತ್ತದೆ. ‘ಮೇಡಂ, ಲಂಬಾಣಿ ಮಂದಿ ಜೋಡಿ ಹೆಂಗ ಮಾತಾಡಬೇಕು, ಮುಸ್ಲಿಂ ಹೆಣ್ಣುಮಕ್ಕಳ ಜೋಡಿ ಹೆಂಗ, ಒಂದು ಲಿಸ್ಟ್ ಕೊಟ್ಟುಬಿಡ್ರಿ.’ ಕಿರಾಣಿ ಅಂಗಡಿಯ ಚೀಟಿ ಕೇಳಿದ ಹಾಗೆ ಕೇಳುತ್ತಾರೆ. ನಾನು ಕೊಡುವುದಿಲ್ಲ. ಅದಕ್ಕೆ ಅಭಿಪ್ರಾಯದ ಫಾರಂನಲ್ಲಿ ನನಗೆ ಮಾರ್ಕ್ಸ್ ಕಡಿಮೆ ಬೀಳುತ್ತವೆ, ಬೀಳಲಿ.

ತಿಳಿವಳಿಕೆ ಬೇಡ ಅಂತಲ್ಲ. ಮನಶ್ಶಾಸ್ತ್ರಜ್ಞ ಡೆರಾಲ್ಡ್ ವಿಂಗ್ ಸೂ ಮತ್ತು ಜತೆಗಾರರು 1992ರಲ್ಲಿ ಅಮೆರಿಕದ ಸಮಾಲೋಚಕರಿಗೆ ಏನೇನು ಬರಬೇಕು ಅಂತ ಬರೆದಾಗ ಮೂರು ಭಾಗ ಮಾಡಿದ್ದರು: ತನ್ನ ಬಗ್ಗೆ ಅರಿವು, ಎದುರಿನವರ ಬಗ್ಗೆ ತಿಳಿವಳಿಕೆ, ಕೆಲಸದ ಕೌಶಲ. ನಮ್ಮ ಹುಡುಗರು ಮೊದಲನೆಯದನ್ನು ಹಾರಿ ಸೀದಾ ಎರಡನೆಯದಕ್ಕೆ ಕೈ ಹಾಕುತ್ತಾರೆ. ಹುಬ್ಬಳ್ಳಿಯಲ್ಲಿ ಅದು ಎಷ್ಟು ದಿನ ನಡೆದೀತು? ಇಲ್ಲಿ ಕನ್ನಡ, ದಖನಿ, ಮರಾಠಿ, ಕೊಂಕಣಿ, ತೆಲುಗು ಒಂದೇ ಓಣಿಯಲ್ಲಿ ಸಿಗುತ್ತವೆ. ನೈರುತ್ಯ ರೈಲ್ವೆಯ ಮುಖ್ಯ ಕಚೇರಿ ಇಲ್ಲೇ ಇರುವುದರಿಂದ ಎಲ್ಲೆಲ್ಲಿಂದಲೋ ವರ್ಗವಾಗಿ ಬಂದ ಕುಟುಂಬಗಳಿವೆ. ಗದಗ, ಹಾವೇರಿಯ ತಾಂಡಾಗಳಿಂದ ಜನ ಬರುತ್ತಾರೆ. ಮುಂಡಗೋಡಿನ ಟಿಬೆಟನ್ನರೂ ಬರುತ್ತಾರೆ. ಎಷ್ಟು ಲಿಸ್ಟ್ ಬರೆಯೋಣ?

ಲಿಸ್ಟ್ ಏನು ಮಾಡುತ್ತದೆ ಅನ್ನುವುದನ್ನೂ ನೋಡಿದ್ದೇನೆ. ಹಳೇ ಹುಬ್ಬಳ್ಳಿಯಿಂದ ಬುರ್ಖಾ ಹಾಕಿಕೊಂಡ ಹೆಣ್ಣುಮಗಳೊಬ್ಬರು ಬಂದರು. ನಮ್ಮ ತರಬೇತಿಯ ಹುಡುಗಿ ಎದ್ದು ನಿಂತು, ಬಹಳ ಗೌರವದಿಂದ, ದೂರದರ್ಶನದ ವಾರ್ತೆಯ ಹಿಂದಿಯಲ್ಲಿ ಶುರು ಮಾಡಿದಳು. ಆಕೆ ಐದು ನಿಮಿಷ ತಾಳಿಕೊಂಡರು. ಆಮೇಲೆ, ‘ಯವ್ವಾ, ನಾ ಇಲ್ಲೇ ಹುಟ್ಟಿ ಬೆಳದಾಕಿ. ಕನ್ನಡದಾಗ ಮಾತಾಡವಾ, ನಿನಗೂ ಹಗರಾಗತೈತಿ’ ಅಂದರು. ಹುಡುಗಿ ಕೆಂಪಾದಳು. ಆಕೆಯೇ ನಕ್ಕು ಸಮಾಧಾನ ಮಾಡಿದರು. ಹಾಗಂತ ಬುರ್ಖಾ ಹಾಕಿದವರಿಗೆಲ್ಲ ಕನ್ನಡವೇ ಸರಿ ಅಂತ ಹೊಸದೊಂದು ಸಾಲನ್ನು ಲಿಸ್ಟಿಗೆ ಸೇರಿಸಬೇಡಿ, ದಯವಿಟ್ಟು. ‘ಯಾವ ಭಾಷಾದಾಗ ಮಾತಾಡೂಣ್ರಿ?’ ಅಂತ ಕೇಳಿ. ಅಷ್ಟೇ ಕೆಲಸ.

ನಿಜ ಹೇಳಬೇಕೆಂದರೆ, ಬೇರೆಯವರು ಎದುರಿಗೆ ಬಂದಾಗ ನಾವು ಹುಷಾರಾಗಿ ಇರುತ್ತೇವೆ. ಎಡವುವುದು ‘ನಮ್ಮವರೇ’ ಬಂದಾಗ. ನಾನು ಎಡವಿದ್ದೂ ಹಾಗೆಯೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬಳು ಬಂದಳು. ನನ್ನದೇ ಭಾಷೆ, ನನ್ನದೇ ಜಾತಿ, ನಮ್ಮ ಅಜ್ಜಿಯ ಊರಿನ ಪಕ್ಕದ ಊರು. ಮದುವೆಯಾಗಿ ಆರು ವರ್ಷ, ನಿದ್ದೆ ಇಲ್ಲ, ಎದೆ ಡವಡವ. ಅತ್ತೆ ಜತೆಗಿದ್ದಾರೆ ಅಂದ ಕೂಡಲೇ ನನ್ನ ತಲೆಯಲ್ಲಿ ಕಥೆ ಮುಗಿದುಹೋಗಿತ್ತು. ಎರಡು ಸಲ ಕೂತಾಗಲೂ ಅತ್ತೆಯ ಬಗ್ಗೆಯೇ ತಿರುವಿ ತಿರುವಿ ಕೇಳಿದೆ. ಮೂರನೇ ಸಲ ಆಕೆಗೆ ರೇಗಿತು. ‘ಅತ್ತಿ ನನಗ ಅವ್ವ ಇದ್ದಂಗ ರೀ ಅಕ್ಕಾರ. ಅವರನ್ನ ಯಾಕ ಹಿಡಕೊಂಡು ಕುಂತೀರಿ?’

ನೋವು ತವರಿನದಾಗಿತ್ತು. ಹೊಲದ ಪಾಲು ಬೇಡ ಅಂತ ಅಣ್ಣ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದ. ಹಾಕಿದಳು, ಜಗಳವನ್ನೂ ಆಡಲಿಲ್ಲ. ಆ ವರ್ಷದಿಂದ ಅವನು ನಾಗರ ಪಂಚಮಿಗೆ ಕರೆಯಲು ಬರುವುದನ್ನು ಬಿಟ್ಟ. ನಮ್ಮ ಕಡೆ ಪಂಚಮಿಗೆ ಅಣ್ಣ ಬರಲಿಲ್ಲ ಅಂದರೆ ಏನು ಅನ್ನುವುದನ್ನು ಇಲ್ಲಿನ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ಏನೂ ಪ್ರಯೋಜನ ಆಗಲಿಲ್ಲ, ಏಕೆಂದರೆ ನಾನು ಕೇಳಲೇ ಇಲ್ಲ.

ಕೇಳುವುದು ಅಂದರೆ ತನಿಖೆ ಅಲ್ಲ. ತೈವಾನ್‌ನಲ್ಲಿ ಕೆಲಸ ಮಾಡಿದ್ದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ 1970ರ ದಶಕದಲ್ಲೇ ಕೆಲವು ಸರಳ ಪ್ರಶ್ನೆ ಕೊಟ್ಟರು. ಇದಕ್ಕೆ ನೀವು ಏನೆನ್ನುತ್ತೀರಿ? ಯಾಕೆ ಬಂತು ಅನ್ನಿಸುತ್ತದೆ? ಯಾವುದರ ಭಯ ಹೆಚ್ಚು? ಮಾನಸಿಕ ಕಾಯಿಲೆ ಗುರುತಿಸಲು ಮನೋವೈದ್ಯರು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯಲ್ಲಿ ಇಂಥವೇ 16 ಪ್ರಶ್ನೆಗಳ ಒಂದು ಸಂದರ್ಶನ ಇದೆ. ಹದಿನಾರನ್ನೂ ಬಾಯಿಪಾಠ ಮಾಡಿ ಒಪ್ಪಿಸಿದವರನ್ನು ಕಂಡಿದ್ದೇನೆ. ಅದೂ ಒಂದು ಲಿಸ್ಟೇ ಆಗಿಬಿಡುತ್ತದೆ. ನನ್ನ ಅನುಭವದಲ್ಲಿ ‘ಹಂಗಂದ್ರ ಏನ್ರಿ?’ ಒಂದೇ ಬಹಳ ದೂರ ಕರೆದೊಯ್ಯುತ್ತದೆ. ತಲೆ ಗಿಂವ್ ಅಂತದ, ಜೀವ ಹಾರತದ, ಕೈಕಾಲಾಗ ಉರಿ ಅಂದಾಗ ಅದನ್ನು ಪುಸ್ತಕದ ಪದಕ್ಕೆ ತಿರುಗಿಸುವ ಮೊದಲು ಇದನ್ನು ಕೇಳಿ. ಮೈಯಲ್ಲಿ ನಿಜಕ್ಕೂ ಕಾಯಿಲೆ ಇರಬಹುದು, ಹಾಗಾಗಿ ವೈದ್ಯರಿಗೂ ತೋರಿಸಿ.

ತರಬೇತಿಯಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಪೆಡರ್ಸನ್ ಅವರ ಒಂದು ಆಟ ಆಡಿಸುತ್ತೇನೆ. ಒಬ್ಬರು ಸಮಾಲೋಚಕರು, ಒಬ್ಬರು ಕ್ಲೈಂಟ್. ಮೂರನೆಯವರು ಕ್ಲೈಂಟ್ ಬಾಯಿಬಿಟ್ಟು ಹೇಳದ ಮಾತನ್ನು ಗಟ್ಟಿಯಾಗಿ ಹೇಳುತ್ತಾರೆ. ಕ್ಲೈಂಟ್ ‘ಹೌದ್ರಿ ಮೇಡಂ’ ಅಂದ ಕೂಡಲೇ ಹಿಂದಿನಿಂದ, ‘ಈ ಹುಡುಗಿಗೆ ಇನ್ನೂ ಮದುವಿನೂ ಆಗಿಲ್ಲ, ನನಗ ಸಂಸಾರ ಹೇಳಾಕ ಬಂದಾಳ!’ ಮೊದಲು ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಹತ್ತು ನಿಮಿಷ ಆದ ಮೇಲೆ ಸಮಾಲೋಚಕರ ಕುರ್ಚಿಯಲ್ಲಿ ಕೂತವರ ನಗು ನಿಲ್ಲುತ್ತದೆ.

ಇನ್ನೆರಡು ಮಾತು. ಅಮ್ಮ ಮಾತಾಡುವ ಗೋರ್ ಬೋಲಿಯನ್ನು (ಲಂಬಾಣಿ ಭಾಷೆಯನ್ನು) ಶಾಲೆಗೆ ಹೋಗುವ ಮಗಳ ಬಾಯಲ್ಲಿ ಅನುವಾದ ಮಾಡಿಸಬೇಡಿ. ಗಂಡ ಹೊಡೆಯುತ್ತಾನೆ ಅನ್ನುವುದನ್ನು ಆ ತಾಯಿ ಮಗಳ ಬಾಯಲ್ಲಿ ಹೇಳಿಸುತ್ತಾಳಾ? ಅದೇ ತಾಂಡಾದವರೂ ಬೇಡ, ಸಂಜೆಯೊಳಗೆ ಸುದ್ದಿ ಊರು ಮುಟ್ಟಿರುತ್ತದೆ. ಇನ್ನು ಶಿಶುನಾಳಕ್ಕೋ ಸಿದ್ಧಾರೂಢ ಮಠಕ್ಕೋ ದರ್ಗಾಕ್ಕೋ ಹೋಗಿ ಬಂದೆ ಅಂದರೆ ಮುಖ ಸಿಂಡರಿಸಬೇಡಿ. ಒಬ್ಬಾಕೆಯ ತೋಳಿನಲ್ಲಿದ್ದ ತಾಯತ ನೋಡಿ ನಮ್ಮವರೊಬ್ಬರು ಸುಮ್ನೆ ಸಣ್ಣಗೆ ನಕ್ಕರು. ಮುಂದಿನ ಸಲ ಆಕೆ ಉದ್ದ ತೋಳಿನ ಕುಪ್ಪಸ ಹಾಕಿಕೊಂಡು ಬಂದಳು. ಗುಳಿಗೆ ನಿಲ್ಲಿಸಿದ್ದನ್ನೂ ಹಾಗೆಯೇ ಮುಚ್ಚಿಟ್ಟಳು. ತಾಯತವೂ ಇರಲಿ, ಗುಳಿಗೆಯೂ ಇರಲಿ ಅಂದಿದ್ದರೆ ಆಗುತ್ತಿತ್ತು.

ರಾತ್ರಿ ಹೊತ್ತು ಯಾರಾದರೂ ಕಂಗೆಟ್ಟರೆ 14416ಕ್ಕೆ ಫೋನ್ ಮಾಡಿ. ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಿಂದ ನಡೆಯುತ್ತಿದೆ, ಉಚಿತ. ಕನ್ನಡದಲ್ಲೇ ಮಾತಾಡಬಹುದು.

ಲಿಸ್ಟ್ ಬೇಕೇ ಬೇಕು ಅಂತ ಹಟ ಹಿಡಿದವರಿಗೆ ಈಚೆಗೆ ಒಂದು ಮನೆಗೆಲಸ ಕೊಡುತ್ತಿದ್ದೇನೆ. ಲಿಸ್ಟ್ ಮಾಡಿ, ನಿಮ್ಮ ಮನೆಯದೇ ಮಾಡಿ. ಸಿಟ್ಟು ಬಂದರೆ ಯಾರು ಮಾತು ಬಿಡುತ್ತಾರೆ, ಯಾರು ಪಾತ್ರೆ ಕುಕ್ಕುತ್ತಾರೆ, ಅಳುವುದಿದ್ದರೆ ಎಲ್ಲಿ ಹೋಗಿ ಅಳುತ್ತಾರೆ. ಕಳೆದ ತಂಡದಲ್ಲಿ ಗದುಗಿನ ಹುಡುಗಿಯೊಬ್ಬಳು ಒಂದೇ ಸಾಲು ಬರೆದು ತಂದಳು: ‘ನಮ್ಮ ಮನೆಯಲ್ಲಿ ಯಾರಿಗೂ ಸಿಟ್ಟು ಬರುವುದಿಲ್ಲ.’ ಪಕ್ಕದಲ್ಲಿ ಕೂತಿದ್ದ ಅವಳ ಗೆಳತಿ ನೀರು ಕುಡಿಯುತ್ತಿದ್ದವಳು ನಗು ತಡೆಯಲಾಗದೆ ಪುಸ್ತಕದ ಮೇಲೆಲ್ಲ ನೀರು ಚೆಲ್ಲಿದಳು. ಬರೆದವಳಿಗೆ ಇನ್ನೊಂದು ವಾರ ಸಮಯ ಕೊಟ್ಟಿದ್ದೇನೆ.