ಮಳೆಗಾಲಕ್ಕೆ ಆಟೋ ಟೈರಿನ ಗಾಳಿ ಇಳಿಸಬೇಕಾ?

ಪ್ರಶ್ನೆ: ತೀರ್ಥಹಳ್ಳಿ ಕಡೆ ಲಗೇಜ್ ಆಟೋ ಓಡಿಸುತ್ತೇನೆ. ಮಳೆ ಹಿಡಿದ ಮೇಲೆ ಗಾಳಿ ಸ್ವಲ್ಪ ಇಳಿಸಿದರೆ ಟೈರ್ ರಸ್ತೆ ಕಚ್ಚಿ ಹಿಡಿಯುತ್ತದೆ ಅಂತಾರೆ. ಹೌದಾ? ಯಾವ ಟೈರ್ ಹಾಕಿಸಲಿ?

ಉತ್ತರ: ದಯವಿಟ್ಟು ಇಳಿಸಬೇಡಿ. ಗಾಳಿ ಕಡಿಮೆಯಾದರೆ ಟೈರಿನ ನಡುಭಾಗ ತಗ್ಗಿ, ಭಾರವೆಲ್ಲ ಎರಡು ಅಂಚಿಗೆ ಬೀಳುತ್ತದೆ. ಬಟನ್ (ಟೈರಿನ ಮೈಮೇಲಿನ ಉಬ್ಬುಗಳು) ನಡುವಿನ ಕಾಲುವೆಗಳು ಇಕ್ಕಟ್ಟಾಗಿ ನೀರು ಆಚೆ ಹೋಗದೆ ಟೈರ್ ಬೇಗ ತೇಲುತ್ತದೆ. ಕೆಸರಿನಲ್ಲಿ ಹೂತಾಗ ಮೆತ್ತಗಿನ ಟೈರ್ ಒಮ್ಮೊಮ್ಮೆ ಮೇಲೆ ಬರುವುದುಂಟು, ಈ ಮಾತು ಹುಟ್ಟಿದ್ದು ಅಲ್ಲಿಂದಲೇ ಇರಬೇಕು. ಡಾಂಬರಿಗೆ ಅದು ಸಲ್ಲುವುದಿಲ್ಲ.

ಇನ್ನೂ ದೊಡ್ಡ ಅಪಾಯ ತಿರುವಿನಲ್ಲಿದೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಇಳಿಯುವಾಗ ಭಾರ ಒಂಟಿ ಮುಂಚಕ್ರದತ್ತ ಸರಿಯುತ್ತದೆ, ಗಾಡಿ ಹೊರಮಗ್ಗುಲಿಗೆ ವಾಲುತ್ತದೆ. ಆಗ ಹೊರಗಿನ ಟೈರಿನ ಪಕ್ಕೆ ಮಡಚಿಕೊಂಡರೆ, ಮೇಲೆ ಅಡಿಕೆ ಚೀಲ ಎತ್ತರಕ್ಕೆ ಪೇರಿಸಿದ್ದರೆ, ಗಾಡಿ ಮಗುಚುತ್ತದೆ.

ಟ್ಯೂಬಿಗೂ ಪೆಟ್ಟು. ಮೆತ್ತಗಿನ ಟೈರ್ ಬ್ರೇಕ್ ಹಿಡಿದಾಗಲೆಲ್ಲ ರಿಮ್ ಮೇಲೆ ಚೂರುಚೂರೇ ಜಾರಿ ಟ್ಯೂಬನ್ನೂ ಎಳೆಯುತ್ತದೆ. ವಾಲ್ವ್ ಮಾತ್ರ ರಿಮ್ಮಿನ ತೂತಿನಲ್ಲೇ ಸಿಕ್ಕಿರುತ್ತದೆ. ವಾಲ್ವ್ ಓರೆಯಾಗಿ ಕಂಡರೆ ಅದು ಬುಡದಲ್ಲಿ ಹರಿಯುವ ಹಂತಕ್ಕೆ ಬಂದಿದೆ ಎಂದೇ ತಿಳಿಯಿರಿ. ಅಲ್ಲಿ ಹರಿದರೆ ಪ್ಯಾಚ್ ನಿಲ್ಲುವುದಿಲ್ಲ.

ಎಷ್ಟು ಗಾಳಿ? ನಿಮ್ಮ ಗಾಡಿಯ ಕೈಪಿಡಿಯಲ್ಲಿರುವುದೇ ಲೆಕ್ಕ. ಪ್ಯಾಸೆಂಜರ್ ಆಟೋಗೆ ಸಾಮಾನ್ಯವಾಗಿ ಮುಂದೆ 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸು, ಹಿಂದೆ ಅದಕ್ಕಿಂತ ಜಾಸ್ತಿ. ಲಗೇಜ್ ಗಾಡಿಯ ಹಿಂಚಕ್ರಕ್ಕೆ ಮತ್ತೂ ಜಾಸ್ತಿ. ಟೈರಿನ ಪಕ್ಕೆಯ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಬೇಕೆಂದಲ್ಲ. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಅಳೆಯಿರಿ. ಸುಮಾರು 5-6 ಡಿಗ್ರಿ ಬಿಸಿಗೆ 1 ಪಿಎಸ್‌ಐ ಏರುವುದರಿಂದ, ಮಧ್ಯಾಹ್ನ ಶಿವಮೊಗ್ಗಕ್ಕೆ ಓಡಿಸಿಕೊಂಡು ಹೋಗಿ ಬಿಸಿ ಟೈರಿಗೆ 30 ತುಂಬಿಸಿದರೆ ಮರುದಿನ ಮುಂಜಾನೆ ಆಗುಂಬೆಯಲ್ಲಿ 25-26 ತೋರಿಸಬಹುದು. ಗೇಜ್ ನಿಮ್ಮದೇ ಒಂದು ಇರಲಿ.

ಟೈರ್ ಕೊಳ್ಳುವಾಗ ಹಳೆಯದರ ಅಳತೆಯನ್ನೇ ಕೇಳಿ. 4.00-8 ಎಂದರೆ 4 ಇಂಚು ಅಗಲ, 8 ಇಂಚಿನ ರಿಮ್. 6ಪಿಆರ್, 8ಪಿಆರ್ ಎನ್ನುವುದು ಹೊರುವ ಶಕ್ತಿ. ಕಂಪನಿ ಹೇಳಿದ್ದಕ್ಕಿಂತ ಕೆಳಗಿಳಿಯಬೇಡಿ. ಪಕ್ಕೆಯ ಕೊನೆಯ ನಾಲ್ಕು ಅಂಕಿ 2324 ಇದ್ದರೆ ಅದು 2024ರ 23ನೇ ವಾರದ ಮಾಲು. ಹಿಂದಿನ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದು ಹೊಸತು, ಒಂದು ಸವೆದದ್ದು ಆದರೆ, ತಿರುವಿನಲ್ಲಿ ಎರಡು ಹಿಂಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್‌ಗೆ ನೇರ ರಸ್ತೆಯಲ್ಲೂ ಬಿಡುವಿಲ್ಲ. ಮುಂದಿನದನ್ನು ಹಳೆಯದು ಹಾಕಿ ಸಾಗಹಾಕಬೇಡಿ. ತೋಟದ ದಾರಿಯಲ್ಲಿ ಜೀಪಿನ ಎರಡು ಗಾಲಿಜಾಡಿನ ನಡುವಿನ ದಿಬ್ಬದ ಮೇಲೆ, ಕಲ್ಲು ಮುಳ್ಳು ತುಳಿಯುತ್ತ ಹೋಗುವುದು ಅದೇ. ನಿಯಮದಲ್ಲಿ ಬಟನ್ ಆಳ 0.8 ಮಿ.ಮೀ. ಇದ್ದರೆ ಸಾಕು, ಆದರೆ ಮಲೆನಾಡಿನ ಮಳೆಗೆ 2 ಮಿ.ಮೀ.ಗೇ ಬದಲಿಸಿ.

ಚಕ್ರ ನೀವೇ ಬಿಚ್ಚುವವರಾದರೆ ಒಂದು ಎಚ್ಚರ. ಆಟೋ ರಿಮ್ ಸಾಮಾನ್ಯವಾಗಿ ಎರಡು ಹೋಳು ಸೇರಿಸಿ ನಟ್ ಬಿಗಿದದ್ದು. ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡದೆ ಹೋಳುಗಳ ನಟ್ ಸಡಿಲಿಸಿದರೆ ರಿಮ್ ಸಿಡಿದು ಮುಖಕ್ಕೆ ಬಡಿಯುತ್ತದೆ. ಮತ್ತೆ ಜೋಡಿಸುವಾಗ ಟ್ಯೂಬಿಗೆ ಸ್ವಲ್ಪವೇ ಗಾಳಿ ಕೊಟ್ಟು ದುಂಡಗೆ ಮಾಡಿಕೊಳ್ಳಿ, ಹೋಳುಗಳ ಸಂದಿಗೆ ಸಿಕ್ಕುವುದಿಲ್ಲ.